ಹಿತ್ತಲಿನ ವೀರಗಲ್ಲನ್ನು ಓದುವುದು ಹೇಗೆ

ನಾನು ಸೊರಬದ ಕಡೆಯವನು. ಕರೆಂಟ್ ಮೀಟರ್ ನೋಡಿ ಬಿಲ್ ಕೊಡುವುದು ನನ್ನ ಕೆಲಸ. ತಿಂಗಳಿಗೊಂದು ಸಲ ಪ್ರತಿ ಮನೆಗೂ ಹೋಗಬೇಕು. ಮುಂದಿನ ಬಾಗಿಲಲ್ಲಿ ನಾಯಿ ಮಲಗಿರುತ್ತದೆ, ಹಾಗಾಗಿ ಹಿತ್ತಲ ದಾರಿ ಹಿಡಿಯುವುದೇ ಜಾಸ್ತಿ. ನನಗೆ ಕಲ್ಲಿನ ಹುಚ್ಚು ಹಿಡಿದದ್ದು ಆ ನಾಯಿಗಳಿಂದ ಅಂತಲೇ ಹೇಳಬೇಕು. ಕೊಟ್ಟಿಗೆಯ ಮೆಟ್ಟಿಲು, ಬಚ್ಚಲ ಚಪ್ಪಡಿ, ಬಾವಿಕಟ್ಟೆಗೆ ಆನಿಸಿಟ್ಟ ಕಲ್ಲು, ಹೀಗೆ ಹಿತ್ತಲಲ್ಲಿ ಬಿದ್ದದ್ದರಲ್ಲಿ ಒಂದಷ್ಟು ವೀರಗಲ್ಲುಗಳೇ. ಮೊದಲ ಎರಡು ವರ್ಷ ಅವುಗಳ ಮೇಲೆ ಕಾಲಿಟ್ಟೇ ದಾಟಿದ್ದೇನೆ, ಗೊತ್ತಿರಲಿಲ್ಲ.

ನಮ್ಮ ಕಡೆ ಇಷ್ಟು ಕಲ್ಲು ಯಾಕೆ ಅಂತ ಕೇಳಿದರೆ, ಇದು ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿನ ನಡುಭಾಗ. ಅದರೊಳಗೆ ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಅಂತ ಚಿಕ್ಕ ಚಿಕ್ಕ ನಾಡುಗಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಪಕ್ಕದ ಬಳ್ಳಿಗಾವಿಯೇ ಈ ನಾಡಿನ ರಾಜಧಾನಿ. ಕೆರೆ, ಗದ್ದೆ, ಕಾನು, ದನ, ಎಲ್ಲ ಇತ್ತು. ದನ ಇದ್ದ ಮೇಲೆ ಕದಿಯುವವರು ಬರುತ್ತಿದ್ದರು, ಅಡ್ಡ ನಿಂತವನು ಸಾಯುತ್ತಿದ್ದ, ಊರವರು ಅವನಿಗೊಂದು ಕಲ್ಲು ನಿಲ್ಲಿಸುತ್ತಿದ್ದರು. ಅರಸರ ಯುದ್ಧಗಳ ಕಲ್ಲೂ ಇವೆ. ಆದರೆ ನಾನು ನೋಡಿದ್ದರಲ್ಲಿ ಹೆಚ್ಚಿನವು ದನದ ಜಗಳದವು.

ನಿಮ್ಮೂರಲ್ಲೂ ಇಂಥ ಕಲ್ಲು ಇರಬಹುದು. ಹುಡುಕಿ ಓದಲು ಪದವಿ ಬೇಕಿಲ್ಲ. ಒಂದು ಟಾರ್ಚು, ಒಂದು ಟೇಪು, ಒಂದು ನೋಟ್‌ಬುಕ್ಕು ಸಾಕು. ತಾಳ್ಮೆ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ಕೇಳುವ ರೀತಿ

"ನಿಮ್ಮೂರಲ್ಲಿ ಶಾಸನ ಇದೆಯಾ?" ಅಂತ ಕೇಳಬೇಡಿ. ಇಲ್ಲ ಅಂತಲೇ ಹೇಳುತ್ತಾರೆ. ಶಾಸನ ಅನ್ನುವುದು ಪಾಠದ ಪುಸ್ತಕದ ಮಾತು. "ಅಕ್ಷರ ಇರೋ ಕಲ್ಲು ಇದೆಯಾ ಅಜ್ಜ?" ಅಂತ ಕೇಳಿ. "ಬೊಂಬೆ ಕೆತ್ತಿದ ಕಲ್ಲು" ಅಂದರೂ ಆಗುತ್ತದೆ. ಅದಕ್ಕಿಂತ ಒಳ್ಳೆಯದು, ಭೂತನ ಕಲ್ಲು, ಚೌಡಿ ಕಲ್ಲು, ಜಟಗನ ಕಲ್ಲು, ಮಾಸ್ತಿ ಕಲ್ಲು ಎಲ್ಲಿದೆ ಅಂತ ವಿಚಾರಿಸುವುದು. ಎಷ್ಟೋ ಕಡೆ ವೀರನ ಹೆಸರು ಮರೆತಿದೆ, ಪೂಜೆ ಮಾತ್ರ ಉಳಿದಿದೆ. ಕುಂಕುಮ ಹಚ್ಚಿ ವರ್ಷಕ್ಕೊಂದು ಕೋಳಿ ಕೊಡುವ ಕಲ್ಲಿನಲ್ಲಿ ಕತ್ತಿ ಹಿಡಿದವನೊಬ್ಬ ಇರುತ್ತಾನೆ.

ಗದ್ದೆಗಳ ಹೆಸರನ್ನೂ ಕೇಳಿ. ಮಾಸ್ತಿಗದ್ದೆ, ಬಸ್ತಿಹಕ್ಕಲು, ಕೋಟೆಹಕ್ಕಲು, ಹಾಳೂರು. ಬಸ್ತಿ ಅಂದರೆ ಬಸದಿ. ಈಗ ಅಲ್ಲಿ ಜೈನರ ಒಂದು ಮನೆಯೂ ಇಲ್ಲದಿರಬಹುದು, ಹೆಸರು ಮಾತ್ರ ಹಾಗೇ ಕೂತಿರುತ್ತದೆ.

ಕಂದಾಯ ಇಲಾಖೆಯ ಪಟ್ಟಿಯಲ್ಲಿ ಕೆಲವು ಊರುಗಳ ಮುಂದೆ 'ಬೇಚಿರಾಕ್' ಅಂತ ಬರೆದಿರುತ್ತದೆ. ನಾನು ಬಹಳ ದಿನ ಅದನ್ನು ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ. ಪಾರಸಿಯಲ್ಲಿ ಚಿರಾಗ್ ಅಂದರೆ ದೀಪ. ಬೇಚಿರಾಗ್ ಅಂದರೆ ದೀಪ ಇಲ್ಲದ್ದು. ಜನ ಬಿಟ್ಟುಹೋದ ಊರು. ಕರೆಂಟಿನ ಕೆಲಸದವನಿಗೆ ಈ ಶಬ್ದ ಗೊತ್ತಿರಲಿಲ್ಲ ನೋಡಿ! ನಕ್ಷೆಯಲ್ಲಿ ಗಡಿ ಇದೆ, ಸರ್ವೆ ನಂಬರ್ ಇದೆ, ಒಂದು ಒಲೆಯೂ ಉರಿಯುವುದಿಲ್ಲ. ನಿಮ್ಮ ಹೋಬಳಿಯಲ್ಲಿ ಇಂಥ ಗ್ರಾಮ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಮನೆಗಳಿಲ್ಲ ಅಂದ ಮೇಲೆ ಕಲ್ಲನ್ನು ಮೆಟ್ಟಿಲು ಮಾಡಿಕೊಳ್ಳುವವರೂ ಇಲ್ಲ. ಕೆರೆ ಏರಿಯ ಹತ್ತಿರ, ಹಳೇ ಮರದ ಬುಡದಲ್ಲಿ, ನಿಂತ ಕಲ್ಲು ನಿಂತ ಹಾಗೇ ಸಿಗುವ ಸಾಧ್ಯತೆ ಇದೆ.

ಉಣುಗು ಮತ್ತು ಬಿಸಿಲು

ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ. ಹುಲ್ಲು ಸೊಂಟಕ್ಕೆ ಬಂದಿರುತ್ತದೆ, ಕಲ್ಲಿನ ಮೇಲೆ ಹಾವಸೆ ಕಟ್ಟಿರುತ್ತದೆ, ಇಂಬಳ ಬೇರೆ. ದೀಪಾವಳಿ ಕಳೆದ ಮೇಲೆ ಶಿವರಾತ್ರಿವರೆಗೆ ಒಳ್ಳೆ ಕಾಲ.

ಆದರೆ ಕಾಡಿನಂಚಿಗೆ ಹೋಗುವವರು ಇದನ್ನು ಓದದೇ ಮುಂದೆ ಹೋಗಬೇಡಿ. ಆ ಒಳ್ಳೆ ಕಾಲವೇ ಮಂಗನ ಕಾಯಿಲೆಯ ಕಾಲ. ಈ ಕಾಯಿಲೆ ಮೊದಲು ಗೊತ್ತಾದದ್ದೇ 1957ರಲ್ಲಿ, ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯರೆಲ್ಲ ಅದನ್ನು ಆ ಕಾಡಿನ ಹೆಸರಲ್ಲೇ ಕರೆಯುತ್ತಾರೆ. ಹರಡುವುದು ಉಣುಗು, ಮೈಗೆ ಅಂಟಿ ರಕ್ತ ಹೀರುವ ಉಣ್ಣೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ತುಂಬುತೋಳಿನ ಅಂಗಿ ಹಾಕಿ. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಆರೋಗ್ಯ ಕೇಂದ್ರದಲ್ಲಿ ಉಣುಗಿಗೆ ಅಂತ ಎಣ್ಣೆ ಕೊಡುತ್ತಾರೆ, ಹಚ್ಚಿಕೊಂಡು ಹೋಗಿ. ಎಲೆ ರಾಶಿಯ ಮೇಲೆ ಕೂರಬೇಡಿ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಇನ್ನು ಬಿಸಿಲು. ಸವೆದ ಅಕ್ಷರ ನೇರ ಬೆಳಕಿಗೆ ಕಾಣುವುದಿಲ್ಲ, ಓರೆ ಬೆಳಕಿಗೆ ಕಾಣುತ್ತದೆ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು. ಆಗ ಗೀರಿನೊಳಗೆ ನೆರಳು ಕೂರುತ್ತದೆ, ಆ ನೆರಳೇ ಅಕ್ಷರ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬೆಳಿಗ್ಗೆ ಎಂಟಕ್ಕೆ ಹೋದರೆ ಬರೀ ಬೋಳು ಕಲ್ಲು ನೋಡಿ ಬರುತ್ತೀರಿ. ಹನ್ನೊಂದೂವರೆ ಹನ್ನೆರಡರ ಹೊತ್ತಿಗೆ ಹೋಗಿ, ಬಿಸಿಲು ಮೇಲಿಂದ ಕಲ್ಲಿನ ಮೈ ಸವರುವಾಗ. ಪಶ್ಚಿಮ ಮುಖದ್ದಾದರೆ ಹನ್ನೆರಡು ದಾಟಿದ ಕೂಡಲೇ. ಉತ್ತರ ಮುಖದ ಕಲ್ಲಿಗೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ, ಅದಕ್ಕೆ ಮೇ ತಿಂಗಳೇ ಆಗಬೇಕು.

ಇದಕ್ಕೆಲ್ಲ ಕಾಯಲಾರೆ ಅಂದರೆ ರಾತ್ರಿ ಟಾರ್ಚು. ನನ್ನ ಅಕ್ಕನ ಮಗ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು, ಅಂಚಿನಿಂದ ಬೆಳಕು ಬಿಡುತ್ತಾನೆ. ಮೆಲ್ಲಗೆ ಎಡದಿಂದ ಮೇಲಕ್ಕೆ, ಮೇಲಿನಿಂದ ಬಲಕ್ಕೆ ಸರಿಸುತ್ತಾನೆ. ಎಡದಿಂದ ಬೆಳಕು ಬಿದ್ದಾಗ ನಿಂತ ಗೆರೆ ಕಾಣುತ್ತದೆ, ಮೇಲಿಂದ ಬಿದ್ದಾಗ ಅಡ್ಡಗೆರೆ. ಹಗಲು ನಾಲ್ಕು ಸಲ ನೋಡಿ ಏನೂ ಇಲ್ಲ ಅಂದಿದ್ದ ಕಲ್ಲಿನಲ್ಲಿ ಒಂದು ರಾತ್ರಿ ಮೂರು ಸಾಲು ಎದ್ದು ಬಂದದ್ದನ್ನು ನೋಡಿ ಇಬ್ಬರೂ ಮಾತು ಮರೆತು ಕೂತಿದ್ದೆವು.

ರಾತ್ರಿ ಹೋಗುವ ಮೊದಲು ಊರಲ್ಲಿ ಹೇಳಿ ಹೋಗಿ. ಮನೆಯ ಯಜಮಾನರಿಗೆ, ಪಂಚಾಯ್ತಿ ಮೆಂಬರಿಗೆ, ಇಬ್ಬರಿಗೂ. ಒಂದು ಸಲ ನಾವು ಹೇಳದೆ ಹೋಗಿದ್ದೆವು. ಕಾಲು ಗಂಟೆಯೊಳಗೆ ಎಂಟು ಜನ ದೊಣ್ಣೆ ಹಿಡಿದು ಸುತ್ತ ನಿಂತರು. ನಿಧಿ ತೆಗೆಯಲು ಬಂದವರು ಅಂದುಕೊಂಡಿದ್ದರು. ಕೊನೆಗೆ ಅವರಲ್ಲೊಬ್ಬ ಮುಖಕ್ಕೆ ಬೆಳಕು ಬಿಟ್ಟು, "ಏ, ಇವ ಕರೆಂಟ್ ಬಿಲ್ಲಿನವ ಕಣ್ರೋ" ಅಂದ. ಆ ತಿಂಗಳ ಬಿಲ್ ಜಾಸ್ತಿ ಬಂದ ಬಗ್ಗೆ ಮಾತು ತಿರುಗಿತು. ಬದುಕಿದೆವು.

ಉಜ್ಜಬೇಡಿ

ಇದು ನಾನು ಮಾಡಿದ ತಪ್ಪು. ಕಲ್ಲಿನ ಹುಚ್ಚು ಹಿಡಿದ ಮೊದಲ ವರ್ಷ ಒಂದು ಕಲ್ಲನ್ನು ತಂತಿ ಬ್ರಷ್ಷಿನಿಂದ ತಿಕ್ಕಿದೆ. ಮೇಲೆ ಕಲ್ಲುಹೂ ಬೆಳೆದಿತ್ತು. ನಮ್ಮ ಕಡೆಯ ಎಷ್ಟೋ ಕಲ್ಲುಗಳು ಪದರ ಪದರದವು. ಕಲ್ಲುಹೂವಿನ ಜೊತೆ ಉಗುರಗಲದ ಒಂದು ಚಕ್ಕೆಯೂ ಎದ್ದು ಬಂತು. ಅದರ ಮೇಲೆ ಒಂದು ಅಕ್ಷರ ಇತ್ತು. ಸಾವಿರ ವರ್ಷದ ಹತ್ತಿರ ಮಳೆ ತಡೆದದ್ದು, ನನ್ನ ಕೈಗೆ ಐದು ನಿಮಿಷ ತಡೆಯಲಿಲ್ಲ. ಆ ಚಕ್ಕೆ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಹಾಗಾಗಿ ಬರೀ ನೀರು, ಮೆತ್ತಗಿನ ಪೇಂಟ್ ಬ್ರಷ್, ಅಷ್ಟೇ. ಸೋಪು ಬೇಡ, ಆಸಿಡ್ ಬೇಡವೇ ಬೇಡ. ಎಣ್ಣೆ ಹಚ್ಚಿದರೆ ಹೊಳೆಯುತ್ತದೆ ನಿಜ, ಆಮೇಲೆ ಧೂಳು ಕೂತು ಗಟ್ಟಿಯಾಗುತ್ತದೆ. ಅಕ್ಷರದೊಳಗೆ ಸೀಮೆಸುಣ್ಣ ತುಂಬುವುದೂ ಬೇಡ. ಅದರಲ್ಲಿ ಇನ್ನೊಂದು ಅಪಾಯ ಇದೆ: ನಮಗೆ ಯಾವ ಅಕ್ಷರ ಅಂತ ಅನ್ನಿಸುತ್ತದೋ ಅದನ್ನೇ ತಿದ್ದಿ ಬರೆದುಬಿಡುತ್ತೇವೆ. ಅರ್ಧ ಹೂತ ಕಲ್ಲನ್ನು ಅಗೆಯಬೇಡಿ. ಪೂಜೆಯ ಕಲ್ಲಾದರೆ ಪೂಜೆ ಮಾಡುವವರ ಕೈಯಿಂದಲೇ ಅರಿಸಿನ ಕುಂಕುಮ ಒರೆಸಿಸಿ, ನೀವು ಮುಟ್ಟಬೇಡಿ.

ಕೆಳಗಿಂದ ಮೇಲಕ್ಕೆ

ಈಗ ಓದುವುದು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಚಿತ್ರವನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಕೆಳಗಿನದರಲ್ಲಿ ಜಗಳ. ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ. ಮೂಲೆಯಲ್ಲಿ ನಾಲ್ಕಾರು ದನಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಕಂಡರೆ ಅದು ತುರುಗೋಳ್, ದನ ಹೊಡೆದುಕೊಂಡು ಹೋದದ್ದು. ತುರು ಅಂದರೆ ದನ. ನಡುವಿನ ಅಂಕಣದಲ್ಲಿ ಸತ್ತವನನ್ನು ಅಪ್ಸರೆಯರು ಎರಡು ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ಲಿಂಗದ ಬದಲು ಜಿನ ಇದ್ದರೆ ಆತ ಜೈನ. ತುದಿಯಲ್ಲಿ ಸೂರ್ಯ ಚಂದ್ರ.

ಈ ಸೂರ್ಯ ಚಂದ್ರರಿಂದಲೇ ಅರ್ಧ ಅನಾಹುತ. ಅದು ನಿಧಿಯ ಗುರುತು ಅಂತ ಯಾರೋ ಹೇಳಿದ್ದನ್ನು ನಂಬಿ ಕಲ್ಲು ಕಿತ್ತು ಅಡಿಯಲ್ಲಿ ಅಗೆಯುವವರಿದ್ದಾರೆ. ಸೂರ್ಯ ಚಂದ್ರ ಇರುವ ತನಕ ಇದು ಉಳಿಯಲಿ ಅನ್ನುವುದು ಅದರ ಅರ್ಥ. ಅಡಿಯಲ್ಲಿ ಮಣ್ಣಿದೆ, ಮತ್ತೇನಿಲ್ಲ.

ಎಲ್ಲ ಕಲ್ಲೂ ವೀರಗಲ್ಲಲ್ಲ. ಕಂಬದಿಂದ ಒಂದು ತೋಳು ಹೊರಗೆ ಚಾಚಿ, ಮೊಣಕೈ ಮಡಿಸಿ, ಕೈತುಂಬ ಬಳೆ ಇದ್ದು, ಬೆರಳ ನಡುವೆ ನಿಂಬೆಹಣ್ಣು ಇದ್ದರೆ ಅದು ಮಾಸ್ತಿಕಲ್ಲು, ಗಂಡನ ಚಿತೆ ಏರಿದವಳದ್ದು. ನನಗೆ ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಬಳೆಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಕೆತ್ತಿರುತ್ತಾರೆ. ಬರೀ ಲಿಂಗ ಇರುವ ಚಿಕ್ಕ ಕಲ್ಲು ಗದ್ದೆ ಬದುವಿನಲ್ಲಿ ಸಿಕ್ಕರೆ ಅದು ಲಿಂಗಮುದ್ರೆ ಕಲ್ಲು, ಶಿವನ ಗುಡಿಗೆ ಬಿಟ್ಟ ಭೂಮಿಯ ಗಡಿ. ಕೊಡೆ ಹಿಡಿದ ವಾಮನ ಇದ್ದರೆ ವೈಷ್ಣವ ದಾನ. ಮೂರು ಕೊಡೆ ಒಂದರ ಮೇಲೊಂದು ಇದ್ದರೆ ಜೈನರದ್ದು, ಮುಕ್ಕೊಡೆ ಕಲ್ಲು. ಸಲ್ಲೇಖನ ಮಾಡಿ, ಅಂದರೆ ಜೈನರ ವ್ರತದಂತೆ ಅನ್ನ ನೀರು ಬಿಟ್ಟು, ದೇಹ ಬಿಟ್ಟವರಿಗೆ ನಿಲ್ಲಿಸಿದ್ದು ನಿಸಿಧಿ. ನಮ್ಮ ನಾಗರಖಂಡವನ್ನು 10ನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಎಂಬ ಹೆಂಗಸು ಆಳಿದಳು. ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನ ಮಾಡಿದಳು. ಅಲ್ಲಿನ ಶಾಸನ ಹೇಳುವುದು ಇದನ್ನು. ಬಂದಳಿಕೆ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಒಂದು ದಿನ ಬುತ್ತಿ ಕಟ್ಟಿಕೊಂಡು ಹೋಗಿ ಬನ್ನಿ.

ಅಕ್ಷರ ಇರುವುದು ಅಂಕಣಗಳ ನಡುವಿನ ಪಟ್ಟಿಯಲ್ಲಿ. ತಮಾಷೆ ಅಂದರೆ ಚಿತ್ರ ಕೆಳಗಿಂದ ಮೇಲೆ ಹೋಗುತ್ತದೆ, ಅಕ್ಷರ ಸಾಮಾನ್ಯವಾಗಿ ಮೇಲಿಂದ ಕೆಳಗೆ ಬರುತ್ತದೆ. ಹಳೆಯ ಲಿಪಿ ನೋಡಿ ಹೆದರಬೇಡಿ. ಮೊದಲು 'ಸ್ವಸ್ತಿ' ಹುಡುಕಿ, ಅಥವಾ 'ಶ್ರೀ'. ಹೆಚ್ಚಿನ ಕಲ್ಲು ಅಲ್ಲಿಂದಲೇ ಶುರು. ಆಮೇಲೆ ನ, ಮ, ಗ, ರ ಇವನ್ನು ಗುರುತಿಸಿ. ಒಂದು ತಿಂಗಳಲ್ಲಿ ಹತ್ತು ಅಕ್ಷರ ಕೈಗೆ ಬರುತ್ತವೆ. ಈಗ ಬಿಟ್ಟುಹೋದ ಎರಡು ಅಕ್ಷರ ಮಾತ್ರ ಮೊದಲಿಗೆ ಕಾಡುತ್ತವೆ, ಱ ಮತ್ತು ೞ. 'ತುಱುವಂ ಮಗುೞ್ಚಿ' ಅಂತ ಕಂಡರೆ ದನವನ್ನು ವಾಪಸು ತಂದು ಅಂತ ಅರ್ಥ. 'ಕಾದಿ ಸತ್ತ' ಅಂದರೆ ಹೋರಾಡಿ ಸತ್ತ. 'ಸುರಲೋಕಪ್ರಾಪ್ತನಾದ' ಅಂದರೂ ಅದೇ, ಸ್ವಲ್ಪ ಮರ್ಯಾದೆಯಿಂದ ಹೇಳಿದ್ದು. 'ನೆತ್ತರುಗೊಡಗೆ' ಅಂತ ಇದ್ದರೆ ಸತ್ತವನ ಮನೆಯವರಿಗೆ ಭೂಮಿ ಕೊಟ್ಟಿದ್ದಾರೆ. ನೆತ್ತರಿಗೆ ಕೊಟ್ಟ ಗದ್ದೆ. 'ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ' ಎಂಬ ಬಿರುದು ಕಂಡರೆ ಕಲ್ಯಾಣ ಚಾಲುಕ್ಯರ ಕಾಲ.

ವರ್ಷದ ಲೆಕ್ಕ ಸುಲಭ. ಶಕವರ್ಷಕ್ಕೆ 78 ಸೇರಿಸಿ. ಶಕ 1000 ಅಂದರೆ ಕ್ರಿ.ಶ. 1078, ಒಂದು ವರ್ಷ ಆಚೀಚೆ ಆಗಬಹುದು. ನಮ್ಮ ಕಡೆ 'ಚಾಲುಕ್ಯ ವಿಕ್ರಮ ವರ್ಷ' ಅಂತಲೂ ಬರುತ್ತದೆ. ಅದು ಆರನೇ ವಿಕ್ರಮಾದಿತ್ಯ ಶುರುಮಾಡಿದ್ದು, 1076 ಅದರ ಮೊದಲ ವರ್ಷ. ಹಾಗಾಗಿ 1075 ಸೇರಿಸಿ. ಬರೀ ಸಂವತ್ಸರದ ಹೆಸರಿದ್ದರೆ ಕಷ್ಟ. ಅದೇ ಹೆಸರು 60 ವರ್ಷಕ್ಕೊಮ್ಮೆ ಬರುತ್ತಲೇ ಇರುತ್ತದೆ.

ಅರ್ಥವಾಗದ ಕಡೆ ಊಹಿಸಿ ತುಂಬಬೇಡಿ. ಚುಕ್ಕಿ ಹಾಕಿ. ನನ್ನ ನೋಟ್‌ಬುಕ್ಕಿನಲ್ಲಿ ಅಕ್ಷರಕ್ಕಿಂತ ಚುಕ್ಕಿ ಜಾಸ್ತಿ ಇವೆ.

ಬರೆದಿಡುವುದು

ಎತ್ತರ, ಅಗಲ, ಯಾವ ದಿಕ್ಕಿಗೆ ಮುಖ, ಯಾರ ಜಾಗ, ಊರವರು ಏನಂತ ಕರೆಯುತ್ತಾರೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಇಡೀ ಕಲ್ಲಿನ ಒಂದು ಫೋಟೋ, ಪ್ರತಿ ಅಂಕಣದ್ದು ಒಂದೊಂದು, ಅಕ್ಷರದ ಸಾಲಿಗೆ ಎರಡೆರಡು. ಫೋಟೋ ನೇರ ಎದುರಿನಿಂದಲೇ ತೆಗೆಯಿರಿ, ಓರೆಯಾಗಿರಬೇಕಾದ್ದು ಬೆಳಕು ಮಾತ್ರ.

ಆಮೇಲೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷ್ ಮನುಷ್ಯ ಅವರು. ಹಳೇ ಮೈಸೂರು ಸೀಮೆಯ ಶಾಸನಗಳನ್ನೆಲ್ಲ ತಾಲ್ಲೂಕುವಾರು ನಂಬರು ಕೊಟ್ಟು ಅಚ್ಚು ಹಾಕಿಸಿದರು. ಶಿವಮೊಗ್ಗ, ಶಿಕಾರಿಪುರ 1902ರ ಏಳನೇ ಸಂಪುಟದಲ್ಲಿವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ 1904ರ ಎಂಟನೆಯದರಲ್ಲಿ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮೂರಿನ ಹೆಸರು ಸಿಕ್ಕರೆ ಪುಸ್ತಕದ ಸಾಲನ್ನು ಕಲ್ಲಿನ ಸಾಲಿನ ಜೊತೆ ಹೋಲಿಸಿ. ಲಿಪಿ ಕಲಿಯಲು ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ಸಿಗದಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಅಲ್ಲಿ ವಿಚಾರಿಸಿ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಗಳನ್ನೂ ನೋಡಿದ ಹಾಗಾಗುತ್ತದೆ.

ಜಾಗದ ಗುರುತನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ನಾನು ಒಂದು ಕಲ್ಲಿನ ಫೋಟೋವನ್ನು ಮ್ಯಾಪಿನ ಸಮೇತ ನಾಲ್ಕು ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ. ಎರಡು ತಿಂಗಳ ಮೇಲೆ ಹೋದಾಗ ಕಲ್ಲು ಎರಡು ತುಂಡಾಗಿ ಬಿದ್ದಿತ್ತು, ಪಕ್ಕದಲ್ಲಿ ಆಳುದ್ದ ಗುಂಡಿ. ನನ್ನ ಫೋಟೋದಿಂದಲೇ ಆಯಿತು ಅಂತ ಹೇಳಲು ಸಾಕ್ಷಿ ಇಲ್ಲ. ಅಲ್ಲ ಅಂತ ಹೇಳಲು ಧೈರ್ಯವೂ ಇಲ್ಲ.

ಕಲ್ಲನ್ನು ಇದ್ದ ಜಾಗದಲ್ಲೇ ಬಿಡಿ. ಯಾವ ಕೆರೆಯ ಏರಿ, ಯಾವ ದಾರಿಯ ತಿರುವು ಅನ್ನುವುದೂ ಆ ವೀರನ ಕಥೆಯ ಒಂದು ಸಾಲು. ಮನೆಯವರು ಅದನ್ನು ಬಳಸುತ್ತಿದ್ದರೆ ಗದರಿಸಬೇಡಿ, ಅವರೇನೂ ಕೇಡು ಮಾಡಲು ಇಟ್ಟುಕೊಂಡದ್ದಲ್ಲ.

ನನ್ನ ರೂಟಿನಲ್ಲಿ ಒಂದು ಮನೆ ಇದೆ. ಅಜ್ಜಿ ಒಬ್ಬರೇ. ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ತುದಿ ಮಣ್ಣಿನಲ್ಲಿ ಹೂತಿದೆ, ಇನ್ನೊಂದು ತುದಿ ಎತ್ತರ. ಬಟ್ಟೆ ಬಡಿಯಲು ಹೇಳಿ ಮಾಡಿಸಿದ ಹಾಗೆ. ಒಂದು ದಿನ ಬಿಲ್ ಹರಿದು ಕೊಡುವಾಗ ಮಣ್ಣಿನ ಅಂಚಿನಲ್ಲಿ ಒಂದು ದನದ ಕೊಂಬು ಕಂಡಿತು.

"ಅಜ್ಜಿ, ಈ ಕಲ್ಲು ಸ್ವಲ್ಪ ನೋಡ್ಲಾ?"

"ಎಂತ ನೋಡ್ತಿ ತಮಾ, ಬಟ್ಟೆ ಒಗೆಯೋ ಕಲ್ಲದು."

ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಹಿಂದಿನ ಮಳೆಗೆ ಕೊಚ್ಚಿ ಬಂದು ಕೂತಿದ್ದ ಸಡಿಲ ಮಣ್ಣನ್ನು ಅಜ್ಜಿಯೇ ಕೈಯಿಂದ ಸರಿಸಿದರು. ಕೆಳಗಿನ ಅಂಕಣ ಹೊಸದರ ಹಾಗಿತ್ತು. ಐದು ದನ, ಬಿಲ್ಲು ಎಳೆದು ನಿಂತವನು, ಅವನ ತುರುಬು ಕೂಡ. ಅದರ ಮೇಲಿನ ಪಟ್ಟಿಯಲ್ಲಿ 'ತುಱುವಂ' ಸಲೀಸಾಗಿ ಓದಲು ಬಂತು. ಆಮೇಲೆ 'ಕಾದಿ'. ಅದಕ್ಕಿಂತ ಮೇಲಿನ ಪಟ್ಟಿ, ಹೆಸರು ಇರಬೇಕಾದ ಕಡೆ, ಬಟ್ಟೆ ಬೀಳುವ ಜಾಗ. ನುಣ್ಣಗಾಗಿತ್ತು. ಟಾರ್ಚು ಯಾವ ಕಡೆಯಿಂದ ಹಿಡಿದರೂ ನೆರಳು ಕೂರಲಿಲ್ಲ.

ಅಜ್ಜಿಗೆ ಕಥೆ ಹೇಳಿದೆ. ದನ ಬಿಡಿಸಿಕೊಂಡು ಬರಲು ಹೋಗಿ ಸತ್ತ ಹುಡುಗ, ಇದೇ ಊರಿನವನು ಇರಬೇಕು ಅಂತ. ಅವರು ಕೊಟ್ಟಿಗೆಯ ಕಡೆ ಒಮ್ಮೆ ನೋಡಿದರು.

"ಹೆಸರು ಎಂತ ಅವಂದು?"

"ಅದೇ ಕಾಣ್ತಾ ಇಲ್ಲ ಅಜ್ಜಿ. ಆ ಜಾಗ ಸವೆದಿದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಒದ್ದೆ ಕೈಯಿಂದ ನುಣ್ಣಗಿನ ಪಟ್ಟಿಯನ್ನು ಒಮ್ಮೆ ಸವರಿದರು.

"ಹಂಗಾರೆ ನಾನೇ ಒಗ್ದು ಒಗ್ದು ಅಳಿಸಿದ್ನೇನ ತಮಾ?"

ನಿಮ್ಮ ಅತ್ತೆಯೂ ಒಗೆದಿರುತ್ತಾರೆ, ಅವರ ಅತ್ತೆಯೂ, ಅಂದೆ. ಮುಂದಿನ ತಿಂಗಳು ಬಿಲ್ ಕೊಡಲು ಹೋದಾಗ ಬಾವಿಯ ಇನ್ನೊಂದು ಪಕ್ಕದಲ್ಲಿ ಸಿಮೆಂಟಿನ ಒಗೆಯೋ ಕಲ್ಲು ಕಟ್ಟಿಸಿಕೊಂಡಿದ್ದರು. ಹಳೆಯದು ಇದ್ದಲ್ಲೇ ಇತ್ತು, ತಲೆಯ ಮೇಲೆ ಒಂದು ದಾಸವಾಳ.